ಬದುಕಿರುವಾಗಲೇ ಆಡಬೇಕಾದ ಮಾತು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮೂರನೆಯದೊಂದು ಕಾರ್ಯವಿದೆ. ಅದನ್ನು ಮಾಡಿ ನೋಡು ಎಂದು ಯಾರೂ ಹೇಳಲಾರರು. ಆದರೆ ಮಾಡದೆ ವಿಧಿಯಿಲ್ಲ. ಮದುವೆಗೆ ಆರು ತಿಂಗಳ ಮುಂಚಿನಿಂದ ಸಿದ್ಧತೆ ನಡೆಯುತ್ತದೆ. ಮನೆ ಕಟ್ಟುವವರು ವರ್ಷಗಟ್ಟಲೆ ಲೆಕ್ಕ ಹಾಕುತ್ತಾರೆ. ಈ ಮೂರನೆಯ ಕಾರ್ಯಕ್ಕೆ ಮಾತ್ರ ನಮಗೆ ಸಿಕ್ಕುವ ಅವಧಿ ಕೆಲವೇ ಗಂಟೆಗಳು. ಅವೂ ಬುದ್ಧಿ ಸ್ಥಿಮಿತದಲ್ಲಿಲ್ಲದ ಗಂಟೆಗಳು.

ಊರಿನಲ್ಲಿದ್ದರೆ ಈ ಚಿಂತೆ ಅಷ್ಟಾಗಿ ಬಾಧಿಸದು. ಸುದ್ದಿ ಹೋದ ಅರ್ಧ ಗಂಟೆಯಲ್ಲಿ ಓಣಿಯ ಮಂದಿ ಕೂಡುತ್ತಾರೆ. ಬಿದಿರು ತರುವವರು ಯಾರು, ಕಟ್ಟಿಗೆಗೆ ಹೇಳುವವರು ಯಾರು, ನೆಂಟರಿಗೆ ತಿಳಿಸುವವರು ಯಾರು, ಮನೆಯ ಮಕ್ಕಳಿಗೆ ನಾಲ್ಕು ತುತ್ತು ಉಣ್ಣಿಸುವವರು ಯಾರು ಎಂಬುದೆಲ್ಲ ಕೇಳದೆಯೇ ನಿಶ್ಚಯವಾಗಿರುತ್ತದೆ. ಹೊರನಾಡಿನಲ್ಲಿರುವ ನಮಗೆ ಆ ಓಣಿಯಿಲ್ಲ. ನಾಲ್ಕನೆಯ ಅಂತಸ್ತಿನ ಮನೆ. ಲಿಫ್ಟಿನಲ್ಲಿ ಚಟ್ಟ ಹಿಡಿಸದು. ಬಾಗಿಲು ತಟ್ಟಿದರೆ ಓಡಿಬರುವ ನೆರೆಯವರು ಎಷ್ಟೇ ಒಳ್ಳೆಯವರಾದರೂ ಅವರ ಪದ್ಧತಿ ಬೇರೆ, ನಮ್ಮ ಪದ್ಧತಿ ಬೇರೆ. ಹೀಗಾಗಿ ಊರಿನಲ್ಲಿ ರೂಢಿಯೇ ಮಾಡಿ ಮುಗಿಸುವ ನಿರ್ಧಾರಗಳನ್ನೆಲ್ಲ ಇಲ್ಲಿ ನಾವೇ ಮಾಡಬೇಕಾಗುತ್ತದೆ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ವಿಷಯವೇಕೆ, ಅಶುಭವಲ್ಲವೆ ಎಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ನಾವೂ ಹಾಗೆಯೇ ಎಣಿಸಿದ್ದವರು. 2024ರ ಶ್ರಾವಣದಲ್ಲಿ ನಮ್ಮ ಎಣಿಕೆ ಬದಲಾಯಿತು.

ನಮ್ಮ ತಂದೆಯವರು ಗದಗ ಜಿಲ್ಲೆಯಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಯವರು. ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದ ಮೇಲೆ ಹನ್ನೊಂದು ವರ್ಷ ಮುಂಬಯಿಯ ಉಪನಗರದಲ್ಲಿ ನಮ್ಮೊಡನೆ ಇದ್ದರು. ಬೆಳಿಗ್ಗೆ ಉದ್ಯಾನದ ಕಟ್ಟೆ, ಸಂಜೆ ಸಂಘದ ವಾಚನಾಲಯ, ರವಿವಾರ ಮಕ್ಕಳಿಗೆ ಕನ್ನಡ ಪಾಠ. ಇಷ್ಟೇ ಅವರ ದಿನಚರಿ. ಒಂದು ರಾತ್ರಿ ಒಂದೂವರೆಗೆ ಎದೆನೋವೆಂದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಊರಿನಿಂದ ಕಾಕಾ ಫೋನಿನಲ್ಲಿ ಒಂದೇ ಮಾತು ಹಿಡಿದರು: “ಅಣ್ಣನ್ನ ಅಲ್ಲೇ ಬಿಟ್ಟು ಬರಬ್ಯಾಡ್ರಿ. ಊರಿಗೆ ತರ್ರಿ. ಮಂದಿ ಏನಂತಾರ?” ಮಂದಿ ಏನೆನ್ನುತ್ತಾರೆಂಬ ಮಾತಿಗೆ ಆ ಹೊತ್ತಿನಲ್ಲಿ ನಮ್ಮಲ್ಲಿ ಉತ್ತರವಿರಲಿಲ್ಲ. ಬೆಳಗಿನ ಏಳಕ್ಕೆ ವಾಹನ ಹೊರಟಿತು. ಸುಮಾರು 600 ಕಿಲೋಮೀಟರ್ ದಾರಿ. ಘಟ್ಟದಲ್ಲಿ ಮಳೆ, ಸಾತಾರೆಯ ಮುಂದೆ ಗಾಡಿಗಳ ಸಾಲು. ಎಪ್ಪತ್ತರ ಸಮೀಪದ ನಮ್ಮ ತಾಯಿಯವರು ಹದಿನಾಲ್ಕು ಗಂಟೆ ಮುಂದಿನ ಆಸನದಲ್ಲಿ ಕುಳಿತೇ ಇದ್ದರು. ರಾತ್ರಿ ಒಂಬತ್ತಕ್ಕೆ ಊರು ಮುಟ್ಟಿ, ಹಸಿ ಕಟ್ಟಿಗೆ ಹೊತ್ತದೆ, ಅಂತೂ ನಡುರಾತ್ರಿಯ ಹೊತ್ತಿಗೆ ಕ್ರಿಯೆ ಮುಗಿಯಿತು. ಕೂಡಿದ ಮಂದಿಯಲ್ಲಿ ತಂದೆಯವರ ಜೊತೆಗಾರರು ಇಬ್ಬರೋ ಮೂವರೋ; ಉಳಿದವರು ಅವರನ್ನು ಹೆಸರಿನಿಂದಷ್ಟೇ ಬಲ್ಲವರು. ಹನ್ನೊಂದು ವರ್ಷ ದಿನವೂ ಅವರೊಡನೆ ಕೂತೆದ್ದವರು ಮುಂಬಯಿಯಲ್ಲೇ ಉಳಿದರು. ಅವರಿಗೆ ಮುಖದರ್ಶನವೂ ಆಗಲಿಲ್ಲ.

ಹದಿಮೂರನೆಯ ದಿನದ ಊಟವೆಲ್ಲ ಆಗಿ ಬಂದವರು ಹೋದ ಮೇಲೆ, ತಾಯಿಯವರು ಪಡಸಾಲೆಯಲ್ಲಿ ಕೂತು ಮೆಲ್ಲಗೆ ಹೇಳಿದರು: “ನಿಮ್ಮಪ್ಪ ಕಣ್ಣು ಕೊಡಬೇಕಂತಿದ್ರು. ಪೊರೆ ತೆಗಿಸಿಕೊಂಡು ಬಂದಾಗಿಂದ ನಾಕ್ ಸಲ ಅಂದಿದ್ರು. ನನಗ ಡಾಕ್ಟರು ಕಣ್ಣು ಕೊಟ್ರು, ನಾನೂ ಯಾರಿಗರೆ ಕೊಟ್ಟು ಹೋಗತೀನಿ ಅಂತ.”

“ಮತ್ತ ಅವತ್ತ ಯಾಕ ಹೇಳಲಿಲ್ಲವ್ವಾ?”

“ನನ್ನ ಯಾರ್ ಕೇಳಿದ್ರಪಾ?”

ಈ ಲೇಖನಕ್ಕೆ ಕಾರಣ ಆ ಒಂದು ಪ್ರಶ್ನೆ. ನಾವು ಡಾಕ್ಟರನ್ನು ಕೇಳಿದ್ದೆವು, ಕಾಕಾನನ್ನು ಕೇಳಿದ್ದೆವು, ವಾಹನದವನನ್ನು ಕೇಳಿದ್ದೆವು. ನಲವತ್ತೈದು ವರ್ಷ ಅವರೊಡನೆ ಬಾಳಿದವರನ್ನು ಕೇಳಿರಲಿಲ್ಲ. ನಮ್ಮ ಮುಂದೆ ಯಾವ ಯಾವ ದಾರಿಗಳಿದ್ದವು ಎಂಬುದೂ ನಮಗೆ ತಿಳಿದಿರಲಿಲ್ಲ. ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ. ಬೆಂಕಿ ಬಿದ್ದಾಗ ಬಾವಿ ತೋಡುವ ಗತಿ ಇನ್ನೊಬ್ಬರಿಗೆ ಬಾರದಿರಲಿ.

ಮೊದಲ ಕಾಗದ

ಮೊದಲು ಬೇಕಾದದ್ದು ಹೂವೂ ಅಲ್ಲ, ವಾಹನವೂ ಅಲ್ಲ, ಡಾಕ್ಟರ ಕಾಗದ. ಮರಣದ ಕಾರಣವನ್ನು ತಿಳಿಸುವ ಪ್ರಮಾಣಪತ್ರ ಅದು. ಆಸ್ಪತ್ರೆಯಲ್ಲಿ ತೀರಿಕೊಂಡರೆ ನಮೂನೆ 4, ಮನೆಯಲ್ಲಿ ತೀರಿಕೊಂಡರೆ ನಮೂನೆ 4ಎ. ಕೊನೆಯ ಕಾಯಿಲೆಯಲ್ಲಿ ಉಪಚಾರ ಮಾಡಿದ ಡಾಕ್ಟರು ಇದನ್ನು ಶುಲ್ಕವಿಲ್ಲದೆ ಕೊಡಬೇಕೆಂದು ಕಾನೂನಿದೆ. ಇದಿಲ್ಲದೆ ಪಟ್ಟಣದ ಸ್ಮಶಾನದಲ್ಲಿ ಮುಂದಿನ ಕೆಲಸ ನಡೆಯದು. ಮನೆಯ ಹಿರಿಯರನ್ನು ಆಗಾಗ ನೋಡುವ ಡಾಕ್ಟರೊಬ್ಬರು ಹತ್ತಿರದಲ್ಲಿರಬೇಕು ಎನ್ನುವುದು ಇದೇ ಕಾರಣಕ್ಕೆ. ರೋಗಿಯನ್ನು ಎಂದೂ ನೋಡದ ಡಾಕ್ಟರು ಕಾರಣ ಬರೆಯಲು ಹಿಂಜರಿದರೆ ಅದು ಅವರ ತಪ್ಪಲ್ಲ. ಆಗ ಸರಕಾರಿ ಅಥವಾ ನಗರಸಭೆಯ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಅಪಘಾತ, ಆತ್ಮಹತ್ಯೆ ಅಥವಾ ಸಂಶಯವಿರುವ ಸಾವಾದರೆ ಪೋಲೀಸರಿಗೆ ತಿಳಿಸಲೇಬೇಕು. ಅವರು ಮಹಜರು ಮಾಡಿ, ಅಗತ್ಯವಾದರೆ ಶವಪರೀಕ್ಷೆ ಮಾಡಿಸಿದ ಮೇಲೆಯೇ ದೇಹ ಮನೆಯವರ ಕೈಗೆ ಬರುತ್ತದೆ.

ಎರಡನೆಯದು ನೋಂದಣಿ. 1969ರ ಜನನ ಮರಣ ನೋಂದಣಿ ಕಾನೂನಿನಂತೆ 21 ದಿನಗಳೊಳಗೆ ಮರಣವನ್ನು ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು ವರದಿ ಮಾಡುತ್ತಾರೆ. ಮನೆಯಲ್ಲಾದರೆ ಮನೆಯ ಯಜಮಾನ ಅಥವಾ ಹತ್ತಿರದ ಬಂಧು ಮಾಡಬೇಕು. ಇಲ್ಲಿ ಹೊರನಾಡಿನವರು ನೆನಪಿಡತಕ್ಕ ಒಂದು ಸಂಗತಿಯಿದೆ. ನೋಂದಣಿಯಾಗುವುದು ಕ್ರಿಯೆ ನಡೆದ ಊರಿನಲ್ಲಲ್ಲ, ಸಾವು ಸಂಭವಿಸಿದ ಊರಿನಲ್ಲಿ. ಚಲಿಸುತ್ತಿರುವ ವಾಹನದಲ್ಲಿ ತೀರಿಕೊಂಡರೆ, ಆ ವಾಹನ ಮೊದಲು ನಿಂತ ಸ್ಥಳದಲ್ಲಿ.

ದಿನವೂ ಪರರ ಅರ್ಜಿಗಳಲ್ಲಿ ಕೊರತೆ ಹುಡುಕುವ ಗುಮಾಸ್ತರಾದ ನಮಗೇ ಇದು ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಊರಿನಲ್ಲಿ ಕಾರ್ಯ ಮುಗಿಸಿ ಗ್ರಾಮ ಪಂಚಾಯತಿಗೆ ಹೋದೆವು. ಮುಂಬಯಿಯ ಸಾವನ್ನು ಅಲ್ಲಿ ಬರೆದುಕೊಳ್ಳಲಾಗದೆಂದು ಅವರು ಸರಿಯಾಗಿಯೇ ಹೇಳಿದರು. ಇಲ್ಲಿಗೆ ಮರಳಿದರೆ ಡಾಕ್ಟರ ಮೂಲಪತ್ರ ವಾಹನದವನ ಕಡತದಲ್ಲಿ ಉಳಿದಿತ್ತು. ಅದನ್ನು ಹುಡುಕಿ ತರುವಷ್ಟರಲ್ಲಿ 34 ದಿನಗಳಾಗಿದ್ದವು. 21 ದಿನ ದಾಟಿ 30ರೊಳಗಾದರೆ ತಡವಾದುದರ ಶುಲ್ಕ ಕೊಟ್ಟರಾಯಿತು. 30 ದಿನ ದಾಟಿ ಒಂದು ವರ್ಷದೊಳಗಾದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆಜ್ಞೆಯೇ ಬೇಕು. ತಾಯಿಯವರ ಕುಟುಂಬ ಪಿಂಚಣಿ, ಬ್ಯಾಂಕಿನ ಖಾತೆ, ವಿಮೆಯ ಹಣ ಎಲ್ಲವೂ ಆ ಒಂದು ಹಾಳೆಗಾಗಿ ಕಾದು ನಿಂತವು. ಪ್ರಮಾಣಪತ್ರ ಬಂದಾಗ ಹೆಸರು, ತಂದೆಯ ಹೆಸರು, ವಿಳಾಸ ಇವುಗಳ ಅಕ್ಷರಗಳನ್ನು ಅಲ್ಲಿಯೇ ಸರಿನೋಡಬೇಕು. ನಾಲ್ಕಾರು ಪ್ರತಿಗಳನ್ನು ಒಟ್ಟಿಗೇ ಪಡೆಯಬೇಕು.

ಇಲ್ಲಿಯೋ, ಊರಿನಲ್ಲಿಯೋ

ಊರಿಗೆ ಒಯ್ಯಬಾರದೆಂದು ನಾವು ಹೇಳುವುದಿಲ್ಲ. ಹೋದವರ ಮನಸ್ಸು ಅಲ್ಲಿದ್ದರೆ ಒಯ್ಯುವುದೇ ಧರ್ಮ. ಆದರೆ ಅದರ ಕಷ್ಟವನ್ನು ಅರಿತು ಒಯ್ಯಬೇಕು. ರಸ್ತೆಯಿಂದಾದರೆ ಶೀತಪೆಟ್ಟಿಗೆಯುಳ್ಳ ವಾಹನ ಸಿಕ್ಕುತ್ತದೆ. ರೈಲಿನಲ್ಲಾದರೆ ಮುಚ್ಚಿದ ಪೆಟ್ಟಿಗೆಯನ್ನು ಗಾರ್ಡಿನ ಬ್ರೇಕ್ ವ್ಯಾನಿನಲ್ಲಿ ಒಯ್ಯಲು ಏರ್ಪಾಡಿದೆ. ಪಾರ್ಸೆಲ್ ಕಚೇರಿಯಲ್ಲಿ ಡಾಕ್ಟರ ಪತ್ರ ತೋರಿಸಿ ನಿಶ್ಚಯಿಸಬೇಕು. ವಿಮಾನದಲ್ಲಾದರೆ ದೇಹ ಕೆಡದಂತೆ ಔಷಧ ತುಂಬಿಸಿದ ಬಗ್ಗೆ ಪ್ರಮಾಣಪತ್ರ, ಪೆಟ್ಟಿಗೆಯ ಪ್ರಮಾಣಪತ್ರ, ಮರಣದ ಕಾಗದ, ಪೋಲೀಸರ ನಿರಾಕ್ಷೇಪಣ ಪತ್ರ ಇಷ್ಟನ್ನು ಕೇಳುತ್ತಾರೆ. ದೇಹವು ಸರಕಿನ ವಿಭಾಗದಲ್ಲಿ ಹೋಗುತ್ತದೆ. ಮನೆಯವರು ಅದೇ ವಿಮಾನದಲ್ಲಿ ಬೇರೆ ಟಿಕೇಟು ಕೊಂಡು ಹೋಗಬೇಕು. ಎಲ್ಲ ವಿಮಾನಗಳೂ ಎಲ್ಲ ನಿಲ್ದಾಣಗಳೂ ಇದಕ್ಕೆ ಒಪ್ಪುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಆ ಪಯಣದಲ್ಲಿ ಜೊತೆಗೆ ಹೋಗುವ ಹಿರಿಯ ಜೀವಗಳು ಅದನ್ನು ತಾಳಿಕೊಳ್ಳಬಲ್ಲವೆ ಎಂದು ನೋಡಬೇಕು.

ನಡುವಿನ ದಾರಿಯೊಂದಿದೆ. ಆ ರಾತ್ರಿ ನಮಗದು ಹೊಳೆಯಲಿಲ್ಲ. ದಹನ ಇಲ್ಲಿ, ಅಸ್ಥಿ ಊರಿಗೆ. ದೇಹ ಕಾಯಲಾರದು, ಅಸ್ಥಿ ಕಾಯುತ್ತದೆ. ಮುಂಬಯಿಯ ಗೆಳೆಯರು ಕೊನೆಯ ಬಾರಿ ನೋಡಬಹುದು. ಊರಿನವರು ನದಿಯ ದಂಡೆಯಲ್ಲಿ ಕೂಡಬಹುದು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಗೋಕರ್ಣ, ತಿರುಮಕೂಡಲು, ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮ, ಇಲ್ಲವೆ ತಮ್ಮ ಊರಿನ ಹೊಳೆ. ಯಾವುದು ಮನಸ್ಸಿಗೆ ಹಿತವೋ ಅದು. ರೈಲಿನಲ್ಲಿ ಬಟ್ಟೆ ಕಟ್ಟಿದ ಗಡಿಗೆಯನ್ನು ಕೈಯಲ್ಲೇ ಒಯ್ಯಬಹುದು. ವಿಮಾನದಲ್ಲಿ ಒಯ್ಯುವವರು ಮರಣಪತ್ರ ಮತ್ತು ಸ್ಮಶಾನದ ರಸೀದಿಯನ್ನು ಜೊತೆಗಿಟ್ಟುಕೊಂಡು, ಸಂಸ್ಥೆಯವರಿಗೆ ಮುಂಚಿತವಾಗಿ ತಿಳಿಸಬೇಕು. ಈ ಮಾತನ್ನು ಆ ರಾತ್ರಿ ಆಡಿದ್ದರೆ ಕಾಕಾ ಕೂಡ ಒಪ್ಪುತ್ತಿದ್ದರು. ಈಚೆಗೆ ಅವರೇ ಹಾಗೆ ಹೇಳಿದರು.

ದಹನ ಮತ್ತು ಸಮಾಧಿ

ಸೌದೆಯ ಚಿತೆಗೆ ಸುಮಾರು 300ರಿಂದ 400 ಕಿಲೋ ಕಟ್ಟಿಗೆ ಬೇಕು. ಅಸ್ಥಿ ಆರಿಸಲು ಮರುದಿನವೋ ಮೂರನೆಯ ದಿನವೋ ಹೋಗಬೇಕು. ವಿದ್ಯುತ್ ಅಥವಾ ಗ್ಯಾಸಿನ ಚಿತಾಗಾರದಲ್ಲಿ ಒಂದೆರಡು ಗಂಟೆಯ ಕೆಲಸ, ಅಸ್ಥಿ ಅದೇ ದಿನ ಕೈಗೆ ಬರುತ್ತದೆ, ಮಳೆಗಾಲದ ಹೆದರಿಕೆಯಿಲ್ಲ, ಖರ್ಚೂ ಕಡಿಮೆ. ಮುಂಬಯಿಯ ಚಂದನವಾಡಿ, ದಾದರಿನ ಶಿವಾಜಿ ಪಾರ್ಕ್, ಪುಣೆಯ ವೈಕುಂಠ, ದಿಲ್ಲಿಯ ನಿಗಮಬೋಧ ಘಾಟ್ ಇವೆಲ್ಲ ಹೊರನಾಡ ಕನ್ನಡಿಗರು ಬಲ್ಲ ಸ್ಥಳಗಳೇ. ಯಂತ್ರದಲ್ಲಿ ಮಂತ್ರಕ್ಕೆ ಎಡೆಯಿಲ್ಲವೆಂಬುದು ತಪ್ಪು ತಿಳಿವಳಿಕೆ. ಬಾಯಿಗೆ ಅಕ್ಕಿ ಹಾಕುವುದು, ಪ್ರದಕ್ಷಿಣೆ, ಗಡಿಗೆ ಒಡೆಯುವುದು, ಕರ್ಪೂರದಿಂದ ಅಗ್ನಿಸ್ಪರ್ಶ ಎಲ್ಲವನ್ನೂ ಒಳಗೆ ಕಳಿಸುವ ಮುನ್ನ ಮಾಡಬಹುದು. ಒಂದು ಎಚ್ಚರಿಕೆ: ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ ದಹನಕ್ಕೆ ಮೊದಲು ಡಾಕ್ಟರಿಂದ ತೆಗೆಸಬೇಕು; ಬೆಂಕಿಯಲ್ಲಿ ಅದು ಸಿಡಿಯುತ್ತದೆ.

ಲಿಂಗಾಯತ ಬಂಧುಗಳಲ್ಲಿ ದಹನವಿಲ್ಲ. ದೇಹವನ್ನು ಕುಳ್ಳಿರಿಸಿ, ವಿಭೂತಿಯೊಡನೆ ಕ್ರಿಯಾಸಮಾಧಿ ಮಾಡುವ ಪದ್ಧತಿ. ಹೊರನಾಡಿನಲ್ಲಿ ಇವರ ತೊಡಕು ಸ್ಥಳದ್ದು. ಊರಿನಲ್ಲಾದರೆ ಹೊಲದ ಮೂಲೆಯಾದರೂ ಇರುತ್ತದೆ. ಇಲ್ಲಿ ಸಮಾಧಿಗೆ ಎಡೆಯಿರುವ ಸ್ಮಶಾನ ಯಾವುದು, ಗುಂಡಿ ತೋಡುವವರು ಯಾರು, ಕ್ರಿಯೆ ಬಲ್ಲ ಜಂಗಮರು ಯಾರು ಎಂದು ಸಮಾಜದ ಹಿರಿಯರಲ್ಲಿ ಮೊದಲೇ ಕೇಳಿಟ್ಟುಕೊಂಡಿರಬೇಕು. ಮಂಗಳೂರಿನ ಕ್ರೈಸ್ತ ಬಂಧುಗಳಿಗೆ ಅವರ ಇಗರ್ಜಿಯೇ ಆಧಾರ. ಹೆಸರು ಯಾವ ಇಗರ್ಜಿಯ ಪಟ್ಟಿಯಲ್ಲಿದೆ ಎಂಬುದು ಮುಖ್ಯ. ಸ್ಥಳದ ಅಭಾವದಿಂದ ಮುಂಬಯಿಯಲ್ಲಿ ಕೆಲವು ವರ್ಷಗಳ ಬಳಿಕ ಅದೇ ಗುಂಡಿಯನ್ನು ಮತ್ತೆ ಬಳಸುವುದುಂಟು; ಎಲುಬುಗಳನ್ನು ಗೋಡೆಯ ಗೂಡಿನಲ್ಲಿಡುವ ಏರ್ಪಾಡೂ ಇದೆ. ಇದು ಮನೆಯವರಿಗೆ ಮೊದಲೇ ಗೊತ್ತಿದ್ದರೆ ಮುಂದೆ ಮನಸ್ಸು ನೋಯದು. ಮುಸಲ್ಮಾನ ಬಂಧುಗಳಲ್ಲಿ ಸಾಧ್ಯವಾದರೆ ಅದೇ ದಿನ ದಫನವಾಗಬೇಕು. ಆದ್ದರಿಂದ ಊರಿಗೆ ಒಯ್ಯುವ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಜಮಾತಿನ ಪರಿಚಯವಿದ್ದರೆ ಸಾಕು.

ಕ್ರಿಯೆ ಯಾರು ಮಾಡಬೇಕೆಂಬುದೂ ಇಂದು ಮನೆಮನೆಯ ಪ್ರಶ್ನೆ. ಮಗ ಪರದೇಶದಲ್ಲಿ, ಮಗಳು ಮಗ್ಗುಲಲ್ಲಿ. ಮಗಳು ಮಾಡಬಾರದೆಂದು ಯಾವ ಕಾನೂನೂ ಇಲ್ಲ. 2018ರ ಆಗಸ್ಟ್ 17ರಂದು ದಿಲ್ಲಿಯಲ್ಲಿ ಮಾಜಿ ಪ್ರಧಾನಿ ಅಟಲ ಬಿಹಾರಿ ವಾಜಪೇಯಿಯವರ ಚಿತೆಗೆ ಅಗ್ನಿ ಕೊಟ್ಟವರು ಅವರ ಸಾಕುಮಗಳು, ದೇಶವೆಲ್ಲ ನೋಡಿತು. ಯಾವ ವಿಧಿಯೂ ಬೇಡವೆನ್ನುವವರಿಗೂ ದಾರಿಯಿದೆ. 2019ರ ಜೂನ್ 10ರಂದು ಗಿರೀಶ ಕಾರ್ನಾಡರು ತೀರಿಕೊಂಡಾಗ, ಅವರ ಇಚ್ಛೆಯಂತೆ ಸರಕಾರಿ ಗೌರವವೂ ಇಲ್ಲದೆ, ಧಾರ್ಮಿಕ ವಿಧಿಯೂ ಇಲ್ಲದೆ ಬೆಂಗಳೂರಿನ ವಿದ್ಯುತ್ ಚಿತಾಗಾರದಲ್ಲಿ ದಹನವಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮದಲ್ಲ. ಅವರು ಹೇಳಿಟ್ಟಿದ್ದರು, ಮನೆಯವರು ನಡೆಸಿಕೊಟ್ಟರು. ನಾವು ಗಮನಿಸತಕ್ಕದ್ದು ಅಷ್ಟನ್ನೇ.

ಕಣ್ಣು ಮತ್ತು ದೇಹ

ಈ ಭಾಗವನ್ನು ಬರೆಯುವಾಗ ನಮ್ಮ ಕೈ ತುಸು ನಡುಗುತ್ತದೆ. ಕಣ್ಣನ್ನು ಕೊಡುವುದಾದರೆ ಸಾವಿನ ಬಳಿಕ 6 ಗಂಟೆಗಳೊಳಗೆ ತೆಗೆಯಬೇಕು. ಹತ್ತಿರದ ನೇತ್ರಭಂಡಾರಕ್ಕೆ ಫೋನು ಮಾಡಿದರೆ ಅವರೇ ಮನೆಗೆ ಬರುತ್ತಾರೆ; ಅರ್ಧ ಗಂಟೆಯೊಳಗಿನ ಕೆಲಸ; ಮುಖ ವಿಕಾರವಾಗುವುದಿಲ್ಲ. ಅವರು ಬರುವ ತನಕ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಅರಳೆಯಿಟ್ಟು, ಫ್ಯಾನು ನಿಲ್ಲಿಸಿ, ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು. ವಯಸ್ಸಾದವರೂ ಕೊಡಬಹುದು, ಕನ್ನಡಕ ಹಾಕಿದವರೂ ಕೊಡಬಹುದು, ಪೊರೆ ತೆಗೆಸಿಕೊಂಡವರೂ ಕೊಡಬಹುದು. ಹೌದು, ನಮ್ಮ ತಂದೆಯವರು ಕೊಡಬಹುದಾಗಿತ್ತು. 2006ರಲ್ಲಿ ಡಾ. ರಾಜಕುಮಾರರು, 2021ರಲ್ಲಿ ಅವರ ಮಗ ಪುನೀತ ರಾಜಕುಮಾರರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಅಂಥ ಸಂಕಟದ ಹೊತ್ತಿನಲ್ಲೂ ಆ ಮನೆಯವರು ಗಡಿಯಾರ ನೋಡಿದರು. ಕಣ್ಣು ಕೊಟ್ಟ ಮೇಲೆ ದಹನ, ಸಮಾಧಿ ಯಾವುದಕ್ಕೂ ಅಡ್ಡಿಯಿಲ್ಲ.

ದೇಹದಾನ ಇನ್ನೊಂದು ಬಗೆ. ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗಾಗಿ ದೇಹವನ್ನು ಕೊಡಲು ಮುಂಬಯಿ ಪ್ರಾಂತ್ಯದಲ್ಲಿ 1949ರಲ್ಲೂ ನಮ್ಮ ನಾಡಿನಲ್ಲಿ 1957ರಲ್ಲೂ ಆದ ಕಾನೂನುಗಳಿವೆ. ವೈದ್ಯಕೀಯ ಕಾಲೇಜಿನ ಶರೀರರಚನಾ ವಿಭಾಗದಲ್ಲಿ ನಮೂನೆ ತುಂಬಿಡಬಹುದು. ಆದರೆ ಶವಪರೀಕ್ಷೆಯಾದ ದೇಹವನ್ನು ಅವರು ತೆಗೆದುಕೊಳ್ಳುವುದಿಲ್ಲ; ಕೆಲವು ಸಾಂಕ್ರಾಮಿಕ ರೋಗಗಳಿದ್ದರೂ ಇಲ್ಲ. ಆದ್ದರಿಂದ ಎರಡನೆಯ ಏರ್ಪಾಡನ್ನೂ ಯೋಚಿಸಿಟ್ಟಿರಬೇಕು. ನಮೂನೆ ತುಂಬಿದವರು ತಾವೇ ಫೋನು ಮಾಡಲಾರರಷ್ಟೆ. ಮನೆಯವರು ಒಪ್ಪಿ ಕರೆದರೆ ಮಾತ್ರ ದಾನ ನಡೆಯುವುದು. ಪೆಟ್ಟಿಗೆಯಲ್ಲಿ ಬಚ್ಚಿಟ್ಟ ನಮೂನೆಯಿಂದ ಫಲವಿಲ್ಲ.

ಕಾರ್ಯ ಮತ್ತು ಸ್ಮರಣೆ

ಕ್ರಿಯೆಯ ಬಳಿಕ ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು ಎಂದು ದಿನಗಳು ಬರುತ್ತವೆ. ಅವರವರ ಮನೆತನದ ಪದ್ಧತಿ ಅವರವರಿಗೆ. ಮುಂಬಯಿಯವರು ವಾಳಕೇಶ್ವರದ ಬಾಣಗಂಗೆಯ ದಂಡೆಯಲ್ಲಿ ಮಾಡುವುದುಂಟು, ನಾಸಿಕಕ್ಕೆ ಹೋಗುವುದುಂಟು, ಮಠದಲ್ಲಿ ಮಾಡಿಸುವುದುಂಟು, ಮನೆಯಲ್ಲೇ ಸರಳವಾಗಿ ಮುಗಿಸುವುದುಂಟು. ಲಿಂಗಾಯತರಲ್ಲಿ ಶಿವಗಣಾರಾಧನೆ, ಕ್ರೈಸ್ತರಲ್ಲಿ ಏಳನೆಯ ದಿನದ ಮತ್ತು ತಿಂಗಳ ಪೂಜೆ. ಇವುಗಳಲ್ಲಿ ಹೆಚ್ಚು ಕಡಿಮೆ ಎಂದು ಅಳೆಯುವುದು ನಮ್ಮ ಕೆಲಸವಲ್ಲ.

ಊಟದ ಬಗ್ಗೆ ಮಾತ್ರ ಒಂದು ಮಾತು. ಊರಿನಲ್ಲಿ ನಾವು ಹದಿಮೂರನೆಯ ದಿನ ಊರಿಗೂರನ್ನೇ ಉಣ್ಣಿಸಿದೆವು. ಕೈಯಲ್ಲಿದ್ದ ಹಣ ಸಾಲದೆ ಸಂಘದ ಪತಪೇಢಿಯಿಂದ ಸಾಲ ತೆಗೆದೆವು; ಅದರ ಕಂತು ಇಂದಿಗೂ ಸಂಬಳದಲ್ಲಿ ಮುರಿಯುತ್ತಿದೆ. ಉಂಡವರು ಹರಸಿ ಹೋದರು, ಸುಳ್ಳಲ್ಲ. ಆದರೆ ಜೀವಮಾನವೆಲ್ಲ ಸಾಲವೆಂದರೆ ಅಂಜುತ್ತಿದ್ದ ಮಾಸ್ತರರ ಹೆಸರಿನಲ್ಲಿ ಸಾಲ ಮಾಡಿದ್ದು ಅವರಿಗೆ ಒಪ್ಪುತ್ತಿತ್ತೆ?

ಸ್ಮರಣೆಗೆ ಬೇರೆ ದಾರಿಗಳೂ ಇವೆ. ಸಂಘದ ಸಭಾಗೃಹದಲ್ಲಿ ಒಂದು ಸಂಜೆ ಆಪ್ತರು ಕೂಡಿ, ಹೋದವರ ಬಗ್ಗೆ ನಾಲ್ಕು ನಿಜವಾದ ಮಾತನಾಡಿ, ಅವರಿಗೆ ಪ್ರಿಯವಾದ ಪದವೊಂದನ್ನು ಹಾಡಿ, ಚಹಾ ಕುಡಿದು ಹೋಗಬಹುದು. ತಿಂಗಳ ಬಳಿಕ ನಾವು ಮುಂಬಯಿಯಲ್ಲಿ ಹಾಗೆ ಮಾಡಿದೆವು. ಉದ್ಯಾನದ ಕಟ್ಟೆಯ ಗೆಳೆಯರು ಬಂದರು. ಮರಾಠಿಯ ಹಿರಿಯರೊಬ್ಬರು, ತಂದೆಯವರಿಂದ ಕಲಿತ ಹರಕು ಮುರುಕು ಕನ್ನಡದಲ್ಲಿ ಎರಡು ನಿಮಿಷ ಮಾತನಾಡಿದರು. ತಾಯಿಯವರು ಆ ತನಕ ನಾಲ್ಕು ಜನರ ಮುಂದೆ ಅತ್ತಿರಲಿಲ್ಲ, ಅಂದು ಅತ್ತರು. ದತ್ತಿನಿಧಿಯಿಡುವುದು ನಮ್ಮವರ ಹಳೆಯ ಪರಿಪಾಠ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಹೀಗೆ ತಂದೆತಾಯಿಯರ ಹೆಸರಿನಲ್ಲಿಟ್ಟ ದತ್ತಿಗಳು ಬಹಳ. ಸಣ್ಣ ಮೊತ್ತವಾದರೂ ಅದರ ಬಡ್ಡಿಯಿಂದ ವರ್ಷಕ್ಕೊಂದು ಮಗುವಿಗೆ ಪುಸ್ತಕ ಸಿಕ್ಕುತ್ತದೆ. ಪುಸ್ತಕ ತೆರೆದಾಗಲೆಲ್ಲ ಆ ಹೆಸರು ಕಣ್ಣಿಗೆ ಬೀಳುತ್ತದೆ.

ಒಂದು ಹಾಳೆ

ಇಷ್ಟೆಲ್ಲ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ನಾವು ಹೇಳಲಾರೆವು. ಹಿಡಿಯಬೇಕಾದವರು ಬದುಕಿರುವಾಗಲೇ ಹೇಳಲಿ, ಮನೆಯವರು ಬದುಕಿರುವಾಗಲೇ ಕೇಳಲಿ ಎಂಬುದಷ್ಟೇ ನಮ್ಮ ವಿನಂತಿ. ಅದಕ್ಕೆ ಒಂದು ಹಾಳೆ ಸಾಕು. ಅದರಲ್ಲಿ ಬರೆಯತಕ್ಕದ್ದು ಇಷ್ಟು:

1. ಕರೆಯಬೇಕಾದ ಡಾಕ್ಟರ ಹೆಸರು, ಫೋನು.
2. ದಹನವೋ ಸಮಾಧಿಯೋ, ಇಲ್ಲಿಯೋ ಊರಿನಲ್ಲಿಯೋ, ಅಸ್ಥಿ ಎಲ್ಲಿಗೆ.
3. ಕಣ್ಣು ಅಥವಾ ದೇಹ ಕೊಡುವುದಿದ್ದರೆ ಯಾರಿಗೆ ಫೋನು ಮಾಡಬೇಕು.
4. ಯಾರಿಗಾಗಿ ಕಾಯಬೇಕು, ಎಷ್ಟು ಹೊತ್ತು.
5. ಕ್ರಿಯೆ ಯಾರಿಂದ, ಯಾವ ವಿಧಿ ಬೇಕು, ಯಾವುದು ಬೇಡ.
6. ಊಟ, ಸಭೆ, ದತ್ತಿ, ಇಂತಿಷ್ಟರೊಳಗೆ ಎಂಬ ಮಿತಿಯೊಂದಿಗೆ.
7. ಪಿಂಚಣಿ, ಬ್ಯಾಂಕು, ವಿಮೆ, ಆಧಾರ ಕಾಗದಗಳು ಎಲ್ಲಿವೆ.
8. ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ಕೊನೆಯದು.

ಇದನ್ನು ಮೃತ್ಯುಪತ್ರದಲ್ಲಿ ಸೇರಿಸಿ ಬೀಗ ಹಾಕಿಡಬಾರದು. ಮೃತ್ಯುಪತ್ರವನ್ನು ಜನ ತೆರೆಯುವುದು ಎಲ್ಲ ಮುಗಿದ ಮೇಲೆ. ಹಾಳೆಯ ಎರಡು ಪ್ರತಿ ಮಾಡಿ, ಒಂದನ್ನು ಮನೆಯಲ್ಲಿ ಎಲ್ಲರೂ ಬಲ್ಲ ಜಾಗದಲ್ಲಿಟ್ಟು, ಇನ್ನೊಂದನ್ನು ನಂಬಿಕೆಯ ಬಂಧುವಿಗೆ ಕೊಡಬೇಕು. ಎಂಟನೆಯ ಕಲಮು ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಅನುಭವ. ದುಃಖದ ಮನೆಯಲ್ಲಿ ಗಟ್ಟಿಯಾಗಿ ಮಾತನಾಡಿದವರದೇ ನಡೆಯುತ್ತದೆ. ಹೆಚ್ಚು ಬಲ್ಲವರು ಮೂಲೆಯಲ್ಲಿ ಸೆರಗು ಬಾಯಿಗಿಟ್ಟು ಕೂತಿರುತ್ತಾರೆ.

ಸಂಘಗಳೂ ತಮ್ಮ ಪಾಲಿನ ಕೆಲಸ ಮಾಡಬಹುದು. ನಾಡಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಸಮಿತಿಗಳಿವೆ. ರಾತ್ರಿ ಎರಡಕ್ಕೆ ಫೋನು ಬಂದರೆ ಎದ್ದು ಹೋಗುವ ನಾಲ್ವರ ಹೆಸರು, ಹತ್ತಿರದ ಸ್ಮಶಾನಗಳು, ನೇತ್ರಭಂಡಾರ, ಶವವಾಹನ, ಕನ್ನಡ ಬಲ್ಲ ಪುರೋಹಿತರು, ಜಂಗಮರು, ಪಾದ್ರಿಗಳು, ಇಷ್ಟನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಿದರೆ, ಊರಿನಲ್ಲಿ ಬಿಟ್ಟುಬಂದ ಓಣಿ ಇಲ್ಲಿ ಸ್ವಲ್ಪವಾದರೂ ಸಿಕ್ಕಂತಾದೀತು.

ಕಳೆದ ಯುಗಾದಿಯ ಮರುದಿನ ಧೈರ್ಯ ಮಾಡಿ ಒಂದು ಹಾಳೆಯನ್ನು ತಾಯಿಯವರ ಮುಂದೆ ಇಟ್ಟೆವು. ಗದರುವರೇನೋ ಎಂದು ಅಂಜಿದ್ದೆವು. ಅವರು ಕನ್ನಡಕ ತರಿಸಿಕೊಂಡರು. ಒಂದೊಂದೇ ಕಲಮು ಓದಿಸಿ, ಅಡಿಗೆಗೆ ಸಾಮಾನು ಹೇಳುವಷ್ಟೇ ಸಹಜವಾಗಿ ಹೇಳುತ್ತ ಹೋದರು. ನಮ್ಮ ಹೆಂಡತಿ ಬರೆದುಕೊಂಡಳು. ಕ್ರಿಯೆ ಇಲ್ಲೇ, ವಿದ್ಯುತ್ ಚಿತೆಯಲ್ಲಿ. ಕಣ್ಣು ಎರಡೂ ಕೊಡಬೇಕು. ಬೆಂಗಳೂರಿನಿಂದ ಮಗಳು ಬರುವ ತನಕ ಕಾಯಬೇಕು, ಹೆಚ್ಚು ಬೇಡ. ಅಸ್ಥಿ ಮಲಪ್ರಭೆಗೆ, “ಅವರು ಹ್ವಾದ ಕಡೆ.” ಊರೂಟ ಬೇಡ, ರವಿವಾರದ ಕನ್ನಡ ತರಗತಿಯಲ್ಲಿ ಚೆನ್ನಾಗಿ ಓದುವ ಹುಡುಗಿಯೊಬ್ಬಳಿಗೆ ವರ್ಷಕ್ಕೊಂದು ಪುಸ್ತಕ, ಮಾಸ್ತರರ ಹೆಸರಿನಲ್ಲಿ.

ಎಂಟನೆಯ ಕಲಮಿಗೆ ಬಂದಾಗ, ಕೊನೆಯ ಮಾತು ಯಾರದೆಂದು ಕೇಳಿದೆವು.

“ಈಗ ಬರಕೊಂಡೆಲ್ಲ, ಅದs ನನ್ನ ಮಾತು,” ಎಂದರು. ಕೆಳಗೆ ಸಹಿ ಮಾಡಿ, ಹಾಳೆ ಮಡಚಿ, ದೇವರ ಮನೆಯ ಪಂಚಾಂಗದ ಹಿಂದೆ ಇಟ್ಟು, ಚಹಕ್ಕೆ ನೀರಿಡಲು ಎದ್ದರು.